ಕೆರೆಗೆ ಸುಣ್ಣ ಬಿದ್ದ ವರ್ಷ

ಪ್ರಕೃತಿಗೆ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುವ ಶಕ್ತಿಯಿದೆ. ಅದಕ್ಕೆ ಬೇಕಾದದ್ದು ಕಾಲ ಮತ್ತು ಏಕಾಂತ, ಇವೆರಡೇ. ಈ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ. ನಾಲ್ಕು ಜನ ಸೇರಿದಲ್ಲಿ ಹೇಳಿ ತಲೆದೂಗಿಸಿಕೊಂಡೂ ಇದ್ದೆ. ಈಗ ಅದಕ್ಕೊಂದು ಸಣ್ಣ ತಿದ್ದುಪಡಿ ಸೇರಿಸಿದ್ದೇನೆ: ಕಾಲ, ಏಕಾಂತ, ಮತ್ತು ನಮ್ಮ ಅಕ್ಕ ಅಲ್ಲಿಂದ ನಾಲ್ಕು ಮೈಲಿ ದೂರದಲ್ಲಿರುವುದು.

ಅಕ್ಕನನ್ನು ದೂರುವ ಮೊದಲು ಕೆರೆಯ ವಿಷಯ ಹೇಳಬೇಕು. ಇಲ್ಲದಿದ್ದರೆ ಓದುವವರು ಅವಳ ಪಕ್ಷ ವಹಿಸುತ್ತಾರೆ, ಎಲ್ಲರೂ ವಹಿಸುತ್ತಾರೆ. ನಾವು ಮೂಲತಃ ಹಣಕೋಣದವರು. ಅಕ್ಕನನ್ನು ಅಂಕೋಲೆ ತಾಲೂಕಿನ ಭಾವಿಕೇರಿಗೆ ಕೊಟ್ಟರು. ನಾನು ಕಾರವಾರದ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯುವ ಕೆಲಸದಿಂದ ಆರಂಭಿಸಿ, ಬಾಟಲಿ ತೊಳೆಯುವವರ ಮೇಲೆ ಕೂಗಾಡುವ ಹುದ್ದೆಯವರೆಗೆ ಏರಿ, ನಿವೃತ್ತನಾಗಿ ಶಿರವಾಡದಲ್ಲಿ ಮನೆ ಮಾಡಿಕೊಂಡೆ. ಪಾಠ ಮಾಡಿದವನಲ್ಲ. ಆದರೆ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು ಬಸ್ಸಿನಿಂದ ಇಳಿದವರೆಲ್ಲ ಭಾವಿಕೇರಿಯಲ್ಲಿ ಮಾಸ್ತರರೇ. ಅಕ್ಕನ ಗಂಡ, ಅಂದರೆ ನಮ್ಮ ಭಾವ ಕೂಡ ನನ್ನನ್ನು ಹಾಗೆಯೇ ಕರೆಯುತ್ತಾನೆ, ಗೌರವದಿಂದ ಅಲ್ಲ.

ಅಕ್ಕನ ಗದ್ದೆ ಕೆರೆಯ ಏರಿಗೆ ಹೊಂದಿಕೊಂಡಿದೆ. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಬೇಸಿಗೆಗೆ ತರಕಾರಿ. ಮನೆಯ ಬಾವಿ ಇದೆಯಲ್ಲ ಎಂದು ಕೇಳಬಹುದು. ಸಮುದ್ರ ಹತ್ತಿರವಾದ ನಮ್ಮ ಕಡೆ ಶಿವರಾತ್ರಿ ಕಳೆದರೆ ಬಾವಿ ನೀರು ಉಪ್ಪಾಗುತ್ತದೆ; ಅದನ್ನು ಗಿಡಕ್ಕೆ ಹಾಕುವುದೂ ಬೆಂಕಿ ಹಾಕುವುದೂ ಒಂದೇ. ಬೇಸಿಗೆಯ ಸಿಹಿನೀರು ಅಂದರೆ ಕೆರೆ. ಆ ನೀರಿನಿಂದ ಅಕ್ಕ ಹರಿವೆ ಬೆಳೆಯುತ್ತಿದ್ದಳು, ಕೆಂಪು ಹರಿವೆ. ಬೆಳಗಿನ ಇಬ್ಬನಿಯಲ್ಲಿ ಕಿತ್ತು, ಬಾಳೆನಾರಿನಲ್ಲಿ ಕಟ್ಟಿ, ಬುಟ್ಟಿಯಲ್ಲಿ ಹೊತ್ತು ಅಂಕೋಲೆಯ ಪೇಟೆಗೆ ಒಯ್ದರೆ ಬುಟ್ಟಿ ನೆಲಕ್ಕೆ ಇಳಿಸುವ ಮೊದಲೇ ಅರ್ಧ ಖಾಲಿ. ಗುರುತಿನ ಹೆಂಗಸರು ಬೇರೆಯವರ ಹರಿವೆ ಮುಟ್ಟದೆ ಇವಳಿಗಾಗಿ ಕಾಯುತ್ತಿದ್ದರು. ನನಗೆ ನಿವೃತ್ತಿಯ ದಿನ ಹಾಕಿದ ಹಾರಕ್ಕಿಂತ ಅದು ದೊಡ್ಡ ಮರ್ಯಾದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಕೆರೆಯ ಮೇಲ್ಭಾಗದ ಗುಡ್ಡೆಯ ಬುಡದಲ್ಲಿ ಒಂದು ಕಾರ್ಖಾನೆ ಬಂತು. ತುಕ್ಕು ಹಿಡಿದ ಕಬ್ಬಿಣದ ಸಾಮಾನು ತಂದು ಆ್ಯಸಿಡ್‌ನಲ್ಲಿ ಅದ್ದಿ, ತುಕ್ಕು ಬಿಡಿಸಿ, ಮೇಲೆ ಸತುವಿನ ಲೇಪ ಹತ್ತಿಸಿ ಕಳಿಸುವುದು ಅದರ ಕೆಲಸ. ಕೆಲಸ ಮುಗಿದ ಆ್ಯಸಿಡ್ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬಂದಾಗ ಅವರು ಭೂಮಿಯ ಇಳಿಜಾರನ್ನು ನಂಬಿದರು. ಕಾರ್ಖಾನೆಯ ಶೆಡ್ಡಿನ ಹಿಂದಿನ ತೋಡು, ಅಂದರೆ ಸಣ್ಣ ಕಾಲುವೆ, ನೇರವಾಗಿ ಕೆರೆಗೆ ಇಳಿಯುತ್ತಿತ್ತು.

ಮೊದಲ ಎರಡು ವರ್ಷ ಊರಿಗೆ ಊರೇ ಸಂತೋಷಪಟ್ಟಿತು. ಇದನ್ನು ಈಗ ಯಾರೂ ಒಪ್ಪುವುದಿಲ್ಲ, ಆದರೆ ನನ್ನ ಕಿವಿಯಾರೆ ಕೇಳಿದ್ದೇನೆ. ಕೆರೆ ಅಷ್ಟು ತಿಳಿಯಾಗಿತ್ತು. ಪಾಚಿ ಇಲ್ಲ, ಅಂತರಗಂಗೆ ಇಲ್ಲ, ಸೊಳ್ಳೆ ಕೂಡ ಕಡಿಮೆ. ಮೆಟ್ಟಿಲ ಮೇಲೆ ನಿಂತರೆ ತಳದ ಕಲ್ಲು ಕಾಣುತ್ತಿತ್ತು. "ಪ್ಯಾಕ್ಟ್ರಿಯವ್ರು ಪುಣ್ಯ ಕಟ್ಕಂಡ್ರು" ಎಂದು ಭಾವ ಹೇಳಿದ. ನಾನು ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿ ನೋಡಿದೆ. ಒಂದು ಗೊದಮೊಟ್ಟೆ ಇಲ್ಲ. ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಅಷ್ಟು ಶುಭ್ರವಾದ ನೀರು ಕಂಡರೆ ಬಾಟಲಿಯ ಮೇಲಿನ ಚೀಟಿ ಹುಡುಕುವ ಅಭ್ಯಾಸ. ಕಿಸೆಯಲ್ಲಿದ್ದ ಲಿಟ್ಮಸ್ ಕಾಗದ ಅದ್ದಿದೆ. ನೀಲಿಯದು ಕೆಂಪಾಯಿತು, ಹಿಂದೆಮುಂದೆ ನೋಡದೆ.

ಮೂರನೇ ಬೇಸಿಗೆ ಅಕ್ಕನ ಹರಿವೆಯ ಎಲೆಯಂಚು ಸುಟ್ಟು ಹೋಯಿತು. ನಾಲ್ಕನೆಯದಕ್ಕೆ ಗಿಡವೇ ಏಳಲಿಲ್ಲ. ದೂರು ಹೋಯಿತು, ಜನ ಬಂದರು, ನೀರು ಒಯ್ದರು, ಕಾಗದ ಕಳಿಸಿದರು. ಕೆರೆಯಲ್ಲಿ ಹುಳಿಯೂ ಸತುವೂ ಮಿತಿಮೀರಿದೆ, ಮುಂದಿನ ಆದೇಶದವರೆಗೆ ಗದ್ದೆಗೆ ಈ ನೀರು ಬಿಡಬಾರದು ಎಂದು. ಕಾರ್ಖಾನೆ ಅದಾದ ಮೇಲೂ ಒಂದಷ್ಟು ಕಾಲ ನಡೆದು, ಒಂದು ದಿನ ತನ್ನದೇ ಯಾವುದೋ ಕಾರಣಕ್ಕೆ ಬಾಗಿಲು ಹಾಕಿತು. ಶೆಡ್ಡಿನ ಹಿಂದಿನ ಕೆಸರಿನ ಗುಡ್ಡೆಯನ್ನು ಲಾರಿಗಳಲ್ಲಿ ಒಯ್ದರು. ಎಲ್ಲ ಮುಗಿಯಿತು ಎಂದು ಊರು ತಿಳಿಯಿತು. ಕೆರೆ ಹಾಗೆ ತಿಳಿಯಲಿಲ್ಲ. ಕಬ್ಬಿಣ, ಸತು ಎಲ್ಲ ತಳದ ಕೆಸರಿನಲ್ಲಿ ಕುಳಿತಿತ್ತು. ಪ್ರತಿ ಮಳೆಗಾಲಕ್ಕೆ ಶೆಡ್ಡಿನ ನೆಲದಿಂದ ಇನ್ನಷ್ಟು ಹುಳಿ ತೊಳೆದು ಬರುತ್ತಿತ್ತು.

ಆಗ ಕಾರವಾರದ ಕಚೇರಿಯಿಂದ ಒಂದು ನಿಯಮ ಬಂತು. ಪ್ರತಿ ವರ್ಷ ಮಳೆ ನಿಂತ ಮೇಲೆ, ಅದೇ ತಿಂಗಳು, ಅದೇ ಜಾಗದಲ್ಲಿ ನೀರು ತೆಗೆಯತಕ್ಕದ್ದು. ಮೂರು ವರ್ಷ ಸಾಲಾಗಿ ಸರಿ ಬಂದರೆ ಗದ್ದೆಗೆ ಬಿಡಲು ಅನುಮತಿ. ಸಾಲು ತಪ್ಪಿದರೆ ಮತ್ತೆ ಒಂದರಿಂದ. ಈ "ಅದೇ ತಿಂಗಳು, ಅದೇ ಜಾಗ" ಎಂಬುದನ್ನು ಸೇರಿಸಬೇಕೆಂದು ಮೂರು ಸಲ ಅರ್ಜಿ ಬರೆದವನು ನಾನೇ. ಶಿಸ್ತಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ಅಕ್ಕ ನನ್ನನ್ನು ಕರೆಸಿಕೊಂಡಳು. "ತಮಾ, ನೀ ಹುಟ್ದಾಗಿಂದ ಆ್ಯಸಿಡ್ ಸಂಗ್ತಿಗೇ ಸಂಸಾರ ಮಾಡ್ದವ. ಈ ಕೆರೆ ಹುಳಿ ಇಳಿಸೂಕೆ ಆಗೂದಿಲ್ವಾ ನಿಂಗೆ? ನನ್ ಮೊಣಕಾಲು ಗಟ್ಟಿ ಇರೂವರೆಗೆ ಒಂದ್ಸಲ ಹರಿವೆ ಹಾಕ್ಬೇಕು. ಆಮೇಲೆ ನೀರು ಸಮಾ ಆಯ್ತು ಅಂದ್ರೆ ಎಂತಾ ಮಾಡೂದು, ನೋಡ್ತಾ ಕುಂತ್ಕಳೂದಾ?"

ಭಾವ ಒಳಗಿನಿಂದ, "ಮಾಸ್ತರ್ರು ಒಂದ್ ಮಂತ್ರ ಹಾಕ್ತ್ರು, ಸಮಾ ಆಗ್ತದೆ" ಎಂದ.

ಮಂತ್ರ ಹಾಕಿದೆ. ಇದು ನನ್ನ ಮೊದಲ ತಪ್ಪು. ಕೆರೆಯ ಮೆಟ್ಟಿಲ ಮೇಲೆ ನಿಂತು, ಕೂಡಿದ ಹದಿನೈದು ಇಪ್ಪತ್ತು ಮಂದಿಗೆ ಒಂದು ಉಪನ್ಯಾಸ ಕೊಟ್ಟೆ. ಕೆರೆಗೆ ಹುಳಿಯ ರೋಗ ಹಿಡಿದಿದೆ, ಇದಕ್ಕೆ ಸುಣ್ಣವೇ ಮದ್ದು ಎಂದೆ. ಅಲ್ಲಿಗೇ ನಿಲ್ಲಿಸಿದರೆ ಸಾಲದು ಎಂದು ನನಗೆ ಅನಿಸಿತು. ನಾನು ಮುಂದುವರಿದು, ಆದರೆ ಸುಟ್ಟ ಸುಣ್ಣ ಬಲು ಉಗ್ರ, ಕೈತಪ್ಪಿದರೆ ಹುಳಿಗಿಂತ ಕೆಟ್ಟದ್ದು, ಹಾಗಾಗಿ ಸುಡದ ಸುಣ್ಣ ಅಂದರೆ ಚಿಪ್ಪು ಹಾಕಬೇಕು, ಅದು ನಿಧಾನವಾಗಿ ಕರಗಿ ಹುಳಿಯನ್ನು ತಿನ್ನುತ್ತದೆ ಎಂದೂ ವಿವರಿಸಿದೆ. ಜನರಿಗೆ ಉಪನ್ಯಾಸದ ಮೊದಲ ಅರ್ಧ ಮಾತ್ರ ನೆನಪಿರುತ್ತದೆ ಎಂಬುದನ್ನು ಪಾಠ ಮಾಡಿದವರು ಬಲ್ಲರು. ನಾನು ಬಾಟಲಿಯವನು.

ಚಿಪ್ಪಿಗೆ ನಮ್ಮಲ್ಲಿ ಬರವಿಲ್ಲ. ಕಾರವಾರದವರು ತಿಸ್ರೆ ಎನ್ನುವ, ಅಂಕೋಲೆಯವರು ಬಳಚು ಎನ್ನುವ ಚಿಪ್ಪಿನ ಜೀವಿಯನ್ನು ಕರಾವಳಿಯ ಮನೆಗಳು ಎಷ್ಟು ತಿನ್ನುತ್ತವೆ ಎಂದರೆ, ತೆಂಗಿನಮರದ ಬುಡಗಳೆಲ್ಲ ಚಿಪ್ಪಿನ ರಾಶಿಯಲ್ಲೇ ನಿಂತಿವೆ. ಆ ಚಿಪ್ಪನ್ನೆಲ್ಲ ಶೆಡ್ಡಿನಿಂದ ಇಳಿಯುವ ತೋಡಿನಲ್ಲಿ ಹಾಸಬೇಕು, ಹುಳಿನೀರು ಅದರ ಮೇಲೆ ಹರಿದು ಬರಬೇಕು ಎಂಬುದು ನನ್ನ ಯೋಜನೆ. ಊರು ತಿಂದಿತು. ಇಷ್ಟು ಉತ್ಸಾಹದಿಂದ ಜನ ಪಾಲ್ಗೊಂಡ ಪರಿಸರ ಕಾರ್ಯ ಬೇರೊಂದನ್ನು ನಾನು ಕಂಡಿಲ್ಲ. ಬಳಚಿನ ಸುಕ್ಕೆ ಮಾಡಿದ ಮನೆಯವರು ಕೈ ತೊಳೆದು, ಚಿಪ್ಪಿನ ಬುಟ್ಟಿ ಹಿಡಿದು, ದೇಶಸೇವೆಗೆ ಹೊರಟವರ ಮುಖ ಮಾಡಿಕೊಂಡು ತೋಡಿನ ಕಡೆ ಬರುತ್ತಿದ್ದರು.

ನಾನೂ ಶಿರವಾಡದಿಂದ ಚೀಲ ಹೊತ್ತೆ. ಅಂಕೋಲೆಯ ಬಸ್ಸಿನಲ್ಲಿ ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದು ಕೇಳಿದ:

"ಚೀಲದಾಗ ಏನೈತ್ರಿ ಯಜಮಾನ್ರ?"

"ಚಿಪ್ಪು."

"ಒಳಗಿಂದು?"

"ತಿಂದಾಗಿದೆ."

ಅವನು ಬಯಲುಸೀಮೆಯವನು. "ತಿಂದದ್ದು ಇಲ್ಲೇ, ಉಳಿದಿದ್ದು ಊರಿಗೆ. ನಡೀರಿ, ಹಿಂದಿನ ಸೀಟಿಗೆ ನಡೀರಿ" ಎಂದ. ಹಿಂದಿನ ಸೀಟಿನವರು ಮುಂದಕ್ಕೆ ಬಂದರು.

ಯೋಜನೆಯಲ್ಲಿ ಎರಡು ದೋಷ ಇದ್ದವು. ಒಂದು, ನೀರಿನಲ್ಲಿದ್ದ ಕಬ್ಬಿಣ ಚಿಪ್ಪಿನ ಮೇಲೆ ಕೂತು ಕಂದು ಬಣ್ಣದ ಗಟ್ಟಿ ಪದರವಾಗುತ್ತಿತ್ತು. ಅಂಗಿ ಹಾಕಿಕೊಂಡ ಚಿಪ್ಪು ಕೆಲಸ ಮಾಡುವುದಿಲ್ಲ. ವಾರಕ್ಕೊಮ್ಮೆ ಸಲಿಕೆಯಿಂದ ಮಗುಚಿ, ಒಂದಕ್ಕೊಂದು ತಿಕ್ಕಿ, ಪದರ ಬಿಡಿಸಬೇಕು. ಭಾವನಿಗೆ ಈ ಕೆಲಸ ಬಿತ್ತು. ಪ್ರತಿ ಭಾನುವಾರ ತೋಡಿಗಿಳಿದು, "ಮದಿವೆ ಆಗೂವಾಗ ಇದೆಲ್ಲ ಯಾರೂ ಹೇಳ್ಳಿಲ್ಲ ನಂಗೆ" ಎನ್ನುತ್ತ ಮಗುಚುತ್ತಿದ್ದ. ಇನ್ನೊಂದು ದೋಷ ಶ್ರಾವಣ. ಶ್ರಾವಣ ಹಿಡಿದರೆ ಚೌತಿಯವರೆಗೆ ನಮ್ಮ ಮನೆಗಳಲ್ಲಿ ಮೀನು, ಬಳಚು ಒಳಗೆ ಬರುವಂತಿಲ್ಲ. ಮಳೆ ಹೊಯ್ದು ಹುಳಿ ಇಳಿದು ಬರುವುದೂ ಅದೇ ದಿನಗಳಲ್ಲಿ. ಹಾಗಾಗಿ ನಾನು ಕೆರೆನೀರಿನ ಲೆಕ್ಕದ ಪುಸ್ತಕದಲ್ಲಿ ಎಳೆಯುತ್ತಿದ್ದ ಗೆರೆ ವರ್ಷವಿಡೀ ನಿಧಾನ ಮೇಲೇರಿ, ಶ್ರಾವಣದಲ್ಲಿ ಗುಂಡಿಗೆ ಬೀಳುತ್ತಿತ್ತು. ಕಚೇರಿಯ ಒಬ್ಬರು ಈ ತಗ್ಗಿಗೆ ಕಾರಣವೇನು ಎಂದು ಬರವಣಿಗೆಯಲ್ಲಿ ಕೇಳಿದರು. ಭಕ್ತಿ ಎಂದು ಬರೆದೆ. ಅವರು ಮತ್ತೆ ಕೇಳಲಿಲ್ಲ.

ಆದರೂ ಕೆರೆ ಏರಿತು. ವರ್ಷಗಳು ಹಿಡಿದವು. ಲಿಟ್ಮಸ್ ಕೆಂಪಾಗಲು ಮೊದಲಿನಷ್ಟು ಅವಸರ ಮಾಡಲಿಲ್ಲ, ಆಮೇಲೆ ಹಿಂಜರಿಯಿತು, ಆಮೇಲೆ ಒಂದು ಚಳಿಗಾಲ ಬಣ್ಣವನ್ನೇ ಬದಲಿಸದೆ ಕುಳಿತುಬಿಟ್ಟಿತು. ಹುಳಿ ಇಳಿದಂತೆ ಸತುವೂ ನೀರು ಬಿಟ್ಟು ತಳಕ್ಕಿಳಿಯಿತು. ನೀರು ಮಸುಕಾಯಿತು, ಪಾಚಿ ಬಂತು, ಸೊಳ್ಳೆ ಬಂದವು. ಊರವರು ಕೆರೆ ಕೆಟ್ಟಿತೆಂದು ನನ್ನ ಹತ್ತಿರ ದೂರು ತಂದರು. ಅವರಿಗೆ, ಕೆಟ್ಟಿದ್ದು ಆಗ, ಇದು ಆರೋಗ್ಯ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಹೋಯಿತು. ಬೆರಳುದ್ದದ ಮೀನು ಕಂಡ ದಿನ ಭಾವ ತೀರ್ಪು ಕೊಟ್ಟ:

"ಮೀನ್ ಬಂತು, ಕೊಕ್ಕರೆ ಬಂತು. ಇನ್ನೆಂತಾ ಪರೀಕ್ಷೆ ಮಾಸ್ತರ್ರೆ? ನೀರ್ ಸರಿ ಇಲ್ದೆ ಕೊಕ್ಕರೆ ಬತ್ತದಾ?"

"ಕೊಕ್ಕರೆ ಸಹಿ ಹಾಕುವುದಿಲ್ಲ ಭಾವ."

"ಸೈ ಹಾಕ್ದವ್ರು ಕೆರೆಗೆ ಇಳಿಯೂದಿಲ್ಲ" ಎಂದ ಭಾವ.

ಮೊದಲ ವರ್ಷದ ಪರೀಕ್ಷೆ ಸರಿ ಬಂತು. ಎರಡನೆಯದೂ ಬಂತು. ಅಕ್ಕ ಹರಿವೆಯ ಬೀಜ ಎಲ್ಲಿಂದಲೋ ಹುಡುಕಿಸಿ ತಂದು, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಳು. ಗದ್ದೆಯ ಮೂಲೆಯಲ್ಲಿ ನಾಲ್ಕು ಪಟ್ಟಿ ಹದಮಾಡಿಸಿದಳು. ಪೇಟೆಯ ಹಳೆಯ ಗುರುತಿನವರಿಗೆ ಹೇಳಿಕಳಿಸಿದಳು ಕೂಡ. ನನಗೆ ಸಿಟ್ಟು ಬಂತು. ಇನ್ನೂ ಒಂದು ವರ್ಷ ಇದೆ ಎಂದೆ. "ಒಂದ್ ವರ್ಷ ಅಂದ್ರೆ ಎಂತಾ ತಮಾ, ನಾಳಿಗೆ" ಎಂದಳು.

ಮೂರನೆಯ ವರ್ಷ. ತುಳಸಿಹಬ್ಬ ಮುಗಿದ ಮರುವಾರ ಕಚೇರಿಯಿಂದ ಬರುತ್ತಾರೆಂದು ನನಗೆ ತಿಳಿಯಿತು. ನನ್ನ ಎರಡನೆಯ ತಪ್ಪು, ಅದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು. "ಗುರುವಾರ ಬರ್ತಾರೆ. ಎಮ್ಮೆ ಇಳಿಸಬೇಡಿ, ಬಟ್ಟೆ ಒಗೆಯಬೇಡಿ, ಕೆರೆ ಹೇಗಿದೆಯೋ ಹಾಗೇ ಇರಲಿ" ಎಂದೆ. ಅಕ್ಕ, "ನೀ ಎಂತಾ ಹೆದರ್ಬೇಡ, ಎಲ್ಲಾ ಚೊಕ್ಕ ಇರ್ತದೆ" ಎಂದಳು. ಆ ಚೊಕ್ಕ ಎಂಬ ಮಾತನ್ನು ಕೇಳಿದ ಕೂಡಲೇ ನಾನು ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಗುರುವಾರ ಬೆಳಿಗ್ಗೆ ಬಂದ ಅಧಿಕಾರಿ ಘಟ್ಟದ ಮೇಲಿನ ಕಡೆಯ ಒಬ್ಬ ಹೆಣ್ಣುಮಗಳು. ವಯಸ್ಸು ಸಣ್ಣದು, ಕೆಲಸ ಅಚ್ಚುಕಟ್ಟು. ನಾನು ಅಂಕೋಲೆಯಲ್ಲಿ ಅವರ ಜೀಪು ಹತ್ತಿದೆ. ದಾರಿಯುದ್ದಕ್ಕೂ ನನ್ನ ಪುಸ್ತಕದ ಗೆರೆಗಳನ್ನು ತೋರಿಸಿದೆ. ಇಷ್ಟು ಕ್ರಮವಾಗಿ ಕೆರೆಯ ಲೆಕ್ಕ ಇಟ್ಟವರನ್ನು ನೋಡಿಲ್ಲ ಎಂದು ಆಕೆ ಹೇಳಿದರು. ನನ್ನ ಜೀವನದ ಉತ್ತಮ ಇಪ್ಪತ್ತು ನಿಮಿಷಗಳಲ್ಲಿ ಅದೊಂದು.

ಏರಿ ಹತ್ತಿದೆವು. ಮೆಟ್ಟಿಲು ಬೆಳ್ಳಗಿತ್ತು. ಬದಿಯ ಕಲ್ಲುಗಳು ಬೆಳ್ಳಗಿದ್ದವು. ನೀರಿಗೆ ಬಾಗಿದ ಎರಡು ತೆಂಗಿನಮರಗಳು ಸೊಂಟದವರೆಗೆ ಬೆಳ್ಳಗಿದ್ದವು. ಮೆಟ್ಟಿಲ ಮುಂದಿನ ನೀರು ಮಜ್ಜಿಗೆಯಂತಿತ್ತು. ಅದರ ಮೇಲೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊಕ್ಕರೆ ಸಂತೃಪ್ತವಾಗಿತ್ತು.

ಅಕ್ಕ ಹಬ್ಬದ ಸೀರೆ ಉಟ್ಟು, ಹೂ ಮುಡಿದು, ಮೆಟ್ಟಿಲ ತಲೆಯಲ್ಲಿ ನಿಂತಿದ್ದಳು. "ಬರ್ರಾ ಮೇಡಂ, ಬರ್ರಾ. ದಾರಿ ಸಮಾ ಸಿಕ್ತಾ?" ಎಂದಳು.

ನಾನು ಬಿಳಿ ನೀರಿನ ಕಡೆ ಕೈ ತೋರಿಸಿದೆ. "ಇದೇನಿದು ಅಕ್ಕಾ?"

"ಎಂತದಾ? ಸುಣ್ಣ. ತುಳಸಿಕಟ್ಟೆಗೆ ಬಳ್ದು ಉಳ್ದಿತ್ತು, ಮತ್ ಮೂರ್ ಚೀಲ ತರ್ಸ್ದೆ. ಆಪೀಸಿನವ್ರು ಊರಿಗೆ ಬರೂದು ಅಂದ್ರೆ ಹಂಗೇ ಬಿಡೂಕೆ ಆಗ್ತದಾ? ಮಳೆ ಹೋದ್ಮೇಲೆ ಬಾವಿಗೆ ಹಾಕೂದಿಲ್ವಾ ನಾವು? ಮತ್ ನೀನೇ ಹೇಳ್ದವ, ಹುಳಿಗೆ ಸುಣ್ಣನೇ ಮದ್ದು ಅಂತ. ಇದೇ ಮೆಟ್ಲಿನ್ ಮೇಲೆ ನಿಂತ್ಕಂಡು!"

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯಲ್ಲಿ ಯಾರಾದರೂ ಬರುತ್ತಾರೆಂದರೆ ಮೊದಲು ಕೈಗೆ ಬರುವುದು ಸುಣ್ಣದ ಬ್ರಷ್ಷು. ದೇವರು ಬರುವುದಿದ್ದರೂ ಅಷ್ಟೇ, ಬೀಗರು ಬರುವುದಿದ್ದರೂ ಅಷ್ಟೇ. ಪಾಗಾರದ ಗೋಡೆಗೆ, ಕಟ್ಟೆಗೆ, ಮರದ ಬುಡಕ್ಕೆ ಬಳಿಯುತ್ತೇವೆ, ಬಾವಿಗೆ ಹಾಕುತ್ತೇವೆ, ಮನೆಯ ಮರ್ಯಾದೆ ಬಿಳಿಯಾಗಿರಬೇಕು. ಅಕ್ಕ ಮೋಸ ಮಾಡಲು ಹೊರಟವಳಲ್ಲ. ಪರೀಕ್ಷೆಗೆ ಬರುವವರನ್ನು ಅವಳು ಅತಿಥಿಗಳೆಂದು ತಿಳಿದಳು. ಅಂಥವಳ ಮೇಲೆ ಕೂಗಾಡುವುದು ಹೇಗೆ ಎಂದು ನನಗೆ ಈಗಲೂ ಗೊತ್ತಿಲ್ಲ. ಆದರೆ ಆ ದಿನ ಕೂಗಾಡಿದೆ.

ಅಧಿಕಾರಿ ಮೆಟ್ಟಿಲಿಳಿದು, ಲಿಟ್ಮಸ್‌ಗಿಂತ ಹೆಚ್ಚು ಬಣ್ಣ ತೋರುವ ತಮ್ಮ ಕಾಗದ ಅದ್ದಿದರು. ಅದು ಮೊದಲು ಹಸಿರು, ಆಮೇಲೆ ನೀಲಿ, ಆಮೇಲೆ ನಾನು ಕೆರೆಯ ಬಳಿ ಎಂದೂ ನೋಡಿರದ ನೇರಳೆ.

"ಮೇಡಂ, ಆ ದಡದಲ್ಲಿ ತೆಗೆಯಬಹುದಲ್ಲ? ಅಲ್ಲಿ ಸುಣ್ಣ ತಲುಪಿಲ್ಲ" ಎಂದೆ.

"ಸರ್, ಜಾಗ ಬದಲಿಸೋ ಹಾಗಿಲ್ಲ. ಹಿಂದಿನ ಎರಡು ವರ್ಷದ ಜೊತೆ ಹೋಲಿಸೋಕೆ ಬರಲ್ಲ."

"ಹಾಗಾದರೆ ಎರಡು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಗಾಳಿಗೆ ಸುಣ್ಣದ ಉಗ್ರತೆ ಇಳಿದಿರುತ್ತದೆ."

ಆಕೆ ಸಂಕೋಚದಿಂದ ಫೈಲು ತೆರೆದು ಒಂದು ಹಾಳೆ ತೋರಿಸಿದರು. "ತಿಂಗಳೂ ಬದಲಿಸಬಾರದು ಅಂತ ಅರ್ಜಿ ಇದೆ. ಶಿಸ್ತಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ ಅಂತ ಬರೆದಿದ್ದಾರೆ. ಇದು ತಮ್ಮದೇ ಕೈಬರಹ ಅಲ್ವಾ ಸರ್?"

ಅಕ್ಷರ ಸ್ಪಷ್ಟವಾಗಿತ್ತು. ನನ್ನ ಕೈಬರಹವನ್ನು ಎಲ್ಲರೂ ಹೊಗಳುತ್ತಾರೆ.

ಬಾಟಲಿ ತುಂಬಿದರು, ಚೀಟಿ ಅಂಟಿಸಿದರು. ಅಕ್ಕ ಎಳನೀರು ಕೊಟ್ಟಳು. ಜೀಪು ಹೋದ ಮೇಲೆ ಅಂಗಳದಲ್ಲಿ ಕೂತು ನಾನು ಅವಳಿಗೆ ಸತುವಿನ ಸ್ವಭಾವ ವಿವರಿಸಿದೆ. ಕಬ್ಬಿಣಕ್ಕಾದರೆ ಒಂದು ನಿಷ್ಠೆ ಇದೆ. ಸುಣ್ಣ ಹಾಕಿದರೆ ತಳಕ್ಕಿಳಿದು ಸುಮ್ಮನೆ ಕೂರುತ್ತದೆ. ಸತು ಹಾಗಲ್ಲ. ಹುಳಿ ಹೆಚ್ಚಾದರೂ ಕರಗುತ್ತದೆ, ಸುಣ್ಣ ಅತಿಯಾದರೂ ಕರಗುತ್ತದೆ. ನಡುವೆ ಒಂದಿಷ್ಟು ಜಾಗದಲ್ಲಿ ಮಾತ್ರ ತಣ್ಣಗಿರುತ್ತದೆ. ಇಷ್ಟು ವರ್ಷ ಚಿಪ್ಪು ಹಾಕಿ ಮಲಗಿಸಿದ್ದನ್ನು ನೀನು ಚೀಲಗಟ್ಟಲೆ ಸುಣ್ಣ ಸುರಿದು ಎಬ್ಬಿಸಿದೆ ಎಂದೆ.

ಅಕ್ಕ ಕೇಳಿದಳು. "ಹಂಗಾರೆ ಈ ಸಲ ಆಗೂದಿಲ್ಲ."

"ಈ ಸಲ ಇಲ್ಲ. ಮುಂದಿನದಕ್ಕೂ ಇಲ್ಲ. ಮತ್ತೆ ಒಂದರಿಂದ. ಮೂರು ವರ್ಷ."

ಅವಳು ಎದ್ದು ಒಳಗೆ ಹೋದಳು. ಹಬ್ಬದ ಸೀರೆ ಬಿಚ್ಚಿ ಹಳೆಯದು ಉಟ್ಟು ಬಂದಳು. ಹದಮಾಡಿಸಿಟ್ಟ ನಾಲ್ಕು ಪಟ್ಟಿಯ ಹತ್ತಿರ ಹೋಗಿ, ಅಲ್ಲಿ ನಟ್ಟಿದ್ದ ಗುರುತಿನ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಒಲೆಗೆ ಹಾಕಿದಳು. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಭಾವ ಕೂಡ ಆ ದಿನ ನನ್ನನ್ನು ಮಾಸ್ತರ್ರೆ ಎನ್ನಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಬಂದು, "ಅವ್ಳಿಗೆ ಎಪ್ಪತ್ತು ಹತ್ರ ಬಂತು" ಎಂದಷ್ಟೇ ಹೇಳಿ ತಿರುಗಿದ.

ವರದಿ ಬಂತು: ಕ್ಷಾರ ಮಿತಿಮೀರಿದೆ, ಸತು ಮಿತಿಮೀರಿದೆ, ಮಾಲಿನ್ಯದ ಹೊಸ ಮೂಲವನ್ನು ಪತ್ತೆಹಚ್ಚತಕ್ಕದ್ದು. ಹೊಸ ಮೂಲ ಆಗ ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿತ್ತು.

ನಂತರದ ಮೂರು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕಿರಿಕಿರಿಯ ಜಾತಿ ಮಾತ್ರ ಬದಲಾಯಿತು. ಮೊದಲು ಅಕ್ಕ ನನ್ನ ಮಾತು ಕೇಳುವುದಿಲ್ಲ ಎಂಬುದು ಕಷ್ಟವಾಗಿತ್ತು, ಈಗ ಕೇಳತೊಡಗಿದಳು. ಕೆರೆಯ ಏರಿಯ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಎಮ್ಮೆಯವರನ್ನು ಓಡಿಸಿದಳು. ಗಣಪತಿ ಬಿಡಲು ಬಂದವರ ಮೂರ್ತಿಯನ್ನು ಉಗುರಿನಿಂದ ಕೆರೆದು, "ಇದು ಮಣ್ಣಾ, ಬಣ್ಣಾ?" ಎಂದು ವಿಚಾರಿಸಿ, ಹೊಳೆಗೆ ಒಯ್ಯಿರಿ ಎಂದು ಕಳಿಸಿದಳು. ಗದ್ದೆಯಿಂದ ಬಂದ ಭಾವ ಮೆಟ್ಟಿಲ ಮೇಲೆ ಕಾಲು ತೊಳೆಯಲು ಹೋದರೆ, "ಕಾಲ್ ಎತ್ರಿ! ಕೆಸರು ಎದ್ರೆ ಸತು ಏಳ್ತದೆ!" ಎಂದು ಕೂಗುತ್ತಿದ್ದಳು.

"ಇವಳ್ಗೆ ಸತುವಿನ ಪಾಠ ಹೇಳಿದ್ದು ಯಾರು?" ಎಂದು ಭಾವ ಒದ್ದೆಯಾಗದ ಕಾಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದ.

ದಿನಕ್ಕೆರಡು ಸಲ ನನಗೆ ಫೋನು. "ತಮಾ, ಇವತ್ತು ಕಾಗ್ದ ಸ್ವಲ್ಪ ಕೆಂಪು ಕಂಡ ಹಾಂಗೆ ಆಯ್ತು." "ತಮಾ, ತೋಡಿನ ಚಿಪ್ಪು ಮಗುಚಿ ಆಯ್ತು, ಇವ್ರು ಸಮಾ ಮಗುಚೂದಿಲ್ಲ, ನಾನೇ ಇಳ್ದೆ." ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಂಡು ತೋಡಿಗೆ ಇಳಿಯುವ ಹೆಂಗಸಿಗೆ ಏನು ಹೇಳುವುದು? ಬೇಡ ಎಂದೆ. ನಾನು ಆವರೆಗೆ ಹೇಳಿದ್ದನ್ನೆಲ್ಲ ಪಾಲಿಸಿದವಳು ಅದೊಂದನ್ನು ಪಾಲಿಸಲಿಲ್ಲ. ಶ್ರಾವಣದಲ್ಲಿ ಬಳಚು ತಿನ್ನುವವರು ಯಾರಾದರೂ ಸಿಕ್ಕರೆ ಚಿಪ್ಪು ಕೇಳಿ ತಾ ಎಂದು ನನ್ನನ್ನು ಕಾರವಾರದ ಹೋಟೆಲುಗಳ ಹಿಂಬಾಗಿಲಿಗೂ ಓಡಿಸಿದಳು.

ಮೊದಲ ವರ್ಷ ಸರಿ ಬಂತು. ಎರಡನೆಯ ವರ್ಷವೂ ಬಂತು. ಮೂರನೆಯ ವರ್ಷ ಅಧಿಕಾರಿ ಬರುವ ದಿನ ಅಕ್ಕ ಹಳೆಯ ಸೀರೆಯಲ್ಲೇ ಇದ್ದಳು. ಮೆಟ್ಟಿಲ ಮೇಲೆ ಪಾಚಿ, ಎಲೆ, ತೆಂಗಿನ ಗರಿ, ಯಾರದ್ದೋ ಹರಿದ ಚಪ್ಪಲಿ. ಆಕೆ ಜಾರದಂತೆ ಅಕ್ಕ ಕೈ ಹಿಡಿದು ಇಳಿಸಿದಳು. "ಗಲೀಜು ಅದೆ, ಬೇಜಾರ್ ಮಾಡ್ಕಳ್ಬೇಡ್ರಿ. ಇವ ಮುಟ್ಟೂಕೆ ಬಿಡೂದಿಲ್ಲ" ಎಂದು ನನ್ನ ಕಡೆ ಬೆರಳು ತೋರಿಸಿದಳು. ಈ ಸಲ ಆಕೆ ನೀರಿನ ಜೊತೆಗೆ ತಳದ ಕೆಸರನ್ನೂ ಗದ್ದೆಯ ಮಣ್ಣನ್ನೂ ಒಯ್ದರು. ಏಕೆ ಎಂದು ಕೇಳಿದೆ. ಕೊನೆಯ ವರ್ಷ ಅದನ್ನೂ ನೋಡಬೇಕೆಂದು ನಿಯಮದಲ್ಲಿದೆ ಎಂದರು. ಅದನ್ನು ಬರೆದವನು ನಾನಲ್ಲ ಎಂದು ಅಕ್ಕನಿಗೆ ಕೂಡಲೇ ಸ್ಪಷ್ಟಪಡಿಸಿದೆ.

ಕಾಗದ ಒಂದೂವರೆ ತಿಂಗಳ ಮೇಲೆ ಬಂತು. ಅಕ್ಕ ಒಡೆಯದೆ, ನಾನು ಹೋಗುವವರೆಗೆ ದೇವರ ಮುಂದೆ ಇಟ್ಟಿದ್ದಳು. ಓದಿ ಹೇಳಿದೆ. ನೀರು ಮೂರು ವರ್ಷ ಸಾಲಾಗಿ ಸರಿ ಬಂದಿದೆ, ಗದ್ದೆಗೆ ಬಿಡಬಹುದು. ಮಣ್ಣಿನಲ್ಲಿ ಸತು ಇನ್ನೂ ಇದೆ. ಸೊಪ್ಪಿನ ಜಾತಿ ಅದನ್ನು ಬೇಗ ಹೀರುವುದರಿಂದ ಸೊಪ್ಪು ಬೆಳೆಯಬಾರದು, ಹಣ್ಣು ಕಾಯಿ ಬೆಳೆಯಬಹುದು. ಐದು ವರ್ಷದ ನಂತರ ಮಣ್ಣನ್ನು ಮತ್ತೆ ಪರೀಕ್ಷಿಸಲಾಗುವುದು.

"ಹರಿವೆ ಸೊಪ್ಪೇ ಅಲ್ದಾ?" ಎಂದು ಅಕ್ಕ ಕೇಳಿದಳು, ಏನಾದರೂ ದಾರಿ ಇದ್ದೀತೇ ಎಂಬಂತೆ.

"ಸೊಪ್ಪೇ."

"ಐದ್ ವರ್ಷ ಅಂದ್ರೆ ನಂಗೆ ಎಷ್ಟಾಗ್ತದೆ?"

ನಾನು ಕಾಗದ ಮಡಚಿ ಲಕೋಟೆಗೆ ಹಾಕಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಭಾವನನ್ನು ಕರೆದು, ಪಂಪು ಕೆರೆಗೆ ಇಳಿಸೂಕೆ ಯಾರನ್ನಾದ್ರೂ ಕರೀರಿ ಎಂದಳು.

ಆ ಬೇಸಿಗೆ ಅಕ್ಕ ನಾಲ್ಕು ಪಟ್ಟಿಯಲ್ಲೂ ಕಲ್ಲಂಗಡಿ ಹಾಕಿದಳು. ಹರಿವೆಗೆ ಅನುಮತಿ ಇನ್ನೂ ಇಲ್ಲ.